ಖರಾಬಿನ ಲೆಕ್ಕ

ಪಹಣಿಯಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ ಬರೆದ ಕೆಳಗೆ ಫೂಟ್ ಖರಾಬು ಎಂದು ಎರಡು ಸಾಲು ಇರುತ್ತವೆ, ‘ಅ’ ಮತ್ತು ‘ಬ’. ಬಂಡೆ, ದಿಬ್ಬ, ನೇಗಿಲು ಹೋಗದ ಮೂಲೆ ‘ಅ’ ಖರಾಬು. ಹಳ್ಳ, ದಾರಿ, ಊರಿನ ಬಳಕೆಗೆ ಬಿಟ್ಟದ್ದು ‘ಬ’ ಖರಾಬು. ಎರಡನ್ನೂ ಕಳೆದು ಉಳಿದದ್ದಕ್ಕೆ ಮಾತ್ರ ಕಂದಾಯ. ಕೋಲಾರ ಸೀಮೆಯ ನಮ್ಮ ಹೊಲದಲ್ಲಿ ‘ಅ’ ಖರಾಬು ಅಂದರೆ ಒಂದು ಬಂಡೆ ದಿಬ್ಬ. ಅದರ ಸುತ್ತ ತಂಗಡಿ, ಬಂದರಿಕೆ, ಕಾರೆಮುಳ್ಳು, ಎಕ್ಕ, ಎರಡು ಹೊಂಗೆ ಮರ, ಒಂದು ಹುತ್ತ. ಹುತ್ತಕ್ಕೆ ಹಾಲೆರೆಯುವ ಹಬ್ಬದ ದಿನ ಬಿಟ್ಟರೆ ದೊಡ್ಡವರು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಅಪ್ಪ ಯಾರಿಗೇ ಆಗಲಿ ಜಮೀನಿನ ಅಳತೆ ಹೇಳುವಾಗ ಖರಾಬು ಬಿಟ್ಟೇ ಹೇಳುತ್ತಿದ್ದರು.

ಮೇಕೆ ಕಾಯುವ ನೆಪದಲ್ಲಿ ನಾವು ಹುಡುಗರು ಮಾತ್ರ ಅಲ್ಲಿರುತ್ತಿದ್ದೆವು. ಬಂಡೆಯ ನೆರಳಿನ ಬದಿಗೆ ಕಣಜಗಳು ಮಣ್ಣಿನ ಪುಟ್ಟ ಕುಡಿಕೆ ಕಟ್ಟುತ್ತಿದ್ದವು. ಕುಡಿಕೆ ಒಡೆದರೆ ಒಳಗೆ ಒತ್ತೊತ್ತಾಗಿ ತುಂಬಿಟ್ಟ ಹಸಿರು ಹುಳುಗಳು. ಮುಟ್ಟಿದರೆ ಸ್ವಲ್ಪ ಮಿಸುಕುತ್ತಿದ್ದವು, ಹರಿದು ಹೋಗುವ ಶಕ್ತಿ ಇರಲಿಲ್ಲ. ಕಣಜ ಕುಟುಕಿ ಸೊಂಟ ಬೀಳಿಸಿ, ಮರಿಗೆ ಬುತ್ತಿ ಇಟ್ಟು ಹೋದ ಹುಳುಗಳು ಅವು. ನಮ್ಮ ಅವರೆ ಹೂವಿನ ಮೇಲೆ, ಜೋಳದ ತೆನೆಯ ಮೇಲೆ ಕಾಣುತ್ತಿದ್ದ ಹುಳುಗಳಂಥವೇ. ಹೊಲದ ಹುಳು ಖರಾಬಿನ ಕುಡಿಕೆಯೊಳಕ್ಕೆ ಬಂದದ್ದು ಹೇಗೆ ಅಂತ ನಾವ್ಯಾರೂ ಕೇಳಿಕೊಳ್ಳಲಿಲ್ಲ. ಎಷ್ಟು ಕುಡಿಕೆ ಒಡೆದೆವು ಅನ್ನುವುದರ ಮೇಲೆ ಜಂಬ ಕೊಚ್ಚಿಕೊಳ್ಳುತ್ತಿದ್ದೆವು, ಅಷ್ಟೇ.

ಆಗ ನಮ್ಮದು ರಾಗಿ ಹೊಲ. ರಾಗಿ ಅಂದರೆ ಬರೀ ರಾಗಿ ಅಂದುಕೊಳ್ಳಬಾರದು. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಮಧ್ಯೆ ಮಧ್ಯೆ ಜೋಳ, ಅಂಚಿಗೆ ಹರಳು. ಸಡ್ಡೆಗೆ ಕಾಳು ಬಿಡುವ ಕೆಲಸ ಹೆಂಗಸರದು. ಅಮ್ಮನ ಮಡಿಲಲ್ಲಿ ಯಾವ ಕಾಳು ಎಷ್ಟು ಬೆರೆತಿತ್ತು ಅನ್ನುವುದು ಅವರ ಕೈಗೆ ಮಾತ್ರ ಗೊತ್ತು. ಕಾರ್ತೀಕದ ಹೊತ್ತಿಗೆ ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಹೊಲದ ತುಂಬ ಜೇನು, ನೊಣ, ಹೆಸರಿಲ್ಲದ ಸಣ್ಣ ಸಣ್ಣ ಕಣಜಗಳ ಗುಂಯ್‌ಗುಟ್ಟುವಿಕೆ. ರಾಗಿಗಿಂತ ಎತ್ತರಕ್ಕೆ ಬೆಳೆದ ಜೋಳದ ದಂಟಿನ ಮೇಲೆ ಕಾಜಾಣ ಕೂತು, ರೊಯ್ಯನೆ ಕೆಳಗಿಳಿದು, ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಮತ್ತೆ ಅದೇ ದಂಟಿಗೆ ಬರುತ್ತಿತ್ತು. ಈಗ ಕೃಷಿ ಇಲಾಖೆಯವರು ತೊಗರಿ ಹೊಲದಲ್ಲಿ ಎಕರೆಗೆ ಇಪ್ಪತ್ತು ‘ಟಿ’ ಆಕಾರದ ಕೋಲು ನೆಡಿ, ಹಕ್ಕಿ ಕೂರುತ್ತವೆ ಅನ್ನುತ್ತಾರೆ. ತೊಗರಿ ಬಿತ್ತನೆಗೆ ಒಂದು ಹಿಡಿ ಜೋಳ ಬೆರೆಸಿ ಅನ್ನುವ ಶಿಫಾರಸೂ ಇದೆ. ಅಮ್ಮನ ಮಡಿಲಿನ ಜೋಳ ಹಕ್ಕಿಗೆಂದು ಹಾಕಿದ್ದಲ್ಲ, ಮೇವಿಗೆ, ಒಂದಿಷ್ಟು ರೊಟ್ಟಿಗೆ. ಹಕ್ಕಿ ಕೂತದ್ದು ಅದರ ಜೊತೆಗೆ ಬಂದ ಲಾಭ.

ರಾಗಿ ಕೊಯ್ದ ಮೇಲೂ ಅಕ್ಕಡಿ ಸಾಲು ನಿಂತಿರುತ್ತಿತ್ತು. ಸಂಕ್ರಾಂತಿವರೆಗೆ ಅವರೆ, ತೊಗರಿ. ಹೊಲ ಒಂದೇ ದಿನ ಬೋಳಾಗುತ್ತಿರಲಿಲ್ಲ, ಹುಳು ಹಿಡಿಯುವ ಜೀವಗಳಿಗೆ ಇರುವುದಕ್ಕೆ ಏನಾದರೊಂದು ಉಳಿಯುತ್ತಿತ್ತು. ಹಾಗಂತ ಅವರೆಯಲ್ಲಿ ಹುಳು ಇರಲಿಲ್ಲ ಅಂತಲ್ಲ. ಹುಳುವಿಲ್ಲದ ಅವರೆಕಾಯನ್ನು ನಾನು ಆ ಕಾಲದಲ್ಲಿ ಕಂಡ ನೆನಪಿಲ್ಲ. ಆದರೆ ಸಂಜೆ ಮನೆ ಮಂದಿಯೆಲ್ಲ ಕೂತು ಕಾಯಿ ಸುಲಿದು, ನೆನೆಸಿ, ಹಿತಕುವಾಗ ಹುಳು ತಾನಾಗಿ ಆಚೆ ಬೀಳುತ್ತಿತ್ತು. ಹಿತಕಿದ ಬೇಳೆ ಸಾರು ಮಾಡುವ ಮನೆಗೆ ನೂರಕ್ಕೆ ಹತ್ತು ಕಾಯಿ ತೂತಾದರೆ ಅದು ನಷ್ಟವೇ ಅಲ್ಲ. ಪ್ರಕೃತಿ ಮಾಡುವ ಹುಳು ನಿಯಂತ್ರಣ ಎಂದೂ ಸೊನ್ನೆಗೆ ಇಳಿಸುವುದಿಲ್ಲ. ಹುಳು ಪೂರ್ತಿ ಇಲ್ಲವಾದರೆ ಹುಳು ತಿನ್ನುವವು ಹಸಿದು ಹೋಗುತ್ತವೆ. ಅಷ್ಟಿಷ್ಟು ಸಹಿಸಿಕೊಳ್ಳುವ ಅಡುಗೆಮನೆಯೂ ಆ ವ್ಯವಸ್ಥೆಯ ಒಂದು ಭಾಗವಾಗಿತ್ತು ಅನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ, ಟೊಮೆಟೊ ಮಂಡಿಯಲ್ಲಿ ನಿಂತಾಗ.

ಬೇಸಿಗೆಯ ಮಾತು ಬೇರೆ. ಶಿವರಾತ್ರಿ ಕಳೆದರೆ ಹೊಲಗಳೆಲ್ಲ ಕೆಂಪು ಮಣ್ಣು. ಬೆಳೆಯನ್ನೇ ನಂಬಿದ ಹುಳುಗಳಿಗೆ ಅದು ಉಪವಾಸ. ಕೆಲವು ಮಣ್ಣಿನೊಳಗೆ ಕೋಶವಾಗಿ ಮಲಗುತ್ತವೆ, ಕೆಲವು ಗಾಳಿ ಹಿಡಿದು ದೂರ ಹೋಗುತ್ತವೆ, ಮಿಕ್ಕವು ಸಾಯುತ್ತವೆ. ಆ ತಿಂಗಳುಗಳಲ್ಲಿ ಖರಾಬಿನ ಎಕ್ಕದ ಎಳೆ ಕುಡಿಗಳಿಗೆ ಹಳದಿ ಹೇನು ಮುತ್ತಿಕೊಂಡಿರುತ್ತಿತ್ತು. ನೋಡಿದರೆ ಮೈ ಜುಮ್ಮೆನ್ನುವಷ್ಟು. ಅದರ ನಡುವೆ ಕೆಂಪು ಕಿತ್ತಳೆ ಬೆನ್ನಿನ, ಕರಿ ಗೆರೆಯ ಗುಲಗಂಜಿ ಹುಳುಗಳು ಓಡಾಡುತ್ತಿದ್ದವು. ಎಕ್ಕದ ಆ ಹೇನು ಎಕ್ಕ ಮತ್ತು ಅದರ ಬಳಗದ ಹಾಲುಬರುವ ಗಿಡಗಳದ್ದು, ನಮ್ಮ ರಾಗಿಗೋ ಅಲಸಂದೆಗೋ ಬರುವಂಥದ್ದಲ್ಲ. ಅದನ್ನು ತಿಂದು ಬೇಸಿಗೆ ಕಳೆದ ಗುಲಗಂಜಿ ಮಾತ್ರ ಮಳೆ ಬಂದ ಮೇಲೆ ಅಲಸಂದೆಯ ಕರಿ ಹೇನಿಗೆ ಬರುತ್ತದೆ. ಬೆಳೆಗೆ ಕಾಟ ಕೊಡುವವನಿಗೆ ಬೇಸಿಗೆಯಲ್ಲಿ ಊಟವಿಲ್ಲ, ಅವನನ್ನು ಹಿಡಿಯುವವನಿಗೆ ಊಟವಿದೆ. ಈ ಒಂದು ಏರ್ಪಾಟು ನಮ್ಮ ಸೀಮೆಯ ಒಣ ಬೇಸಾಯವನ್ನು ಎಷ್ಟೋ ಕಾಲ ಕಾಪಾಡಿತು ಅಂತ ನಾನು ನಂಬಿದ್ದೇನೆ. ಯಾರೂ ಯೋಚಿಸಿ ಮಾಡಿದ ಏರ್ಪಾಟಲ್ಲ ಅದು.

ಇಲ್ಲಿಗೆ ನಿಲ್ಲಿಸಿದರೆ ಖರಾಬು ಪುಣ್ಯಭೂಮಿ ಅನ್ನಿಸಿಬಿಡುತ್ತದೆ. ಕಂಬಳಿಹುಳುವಿನ ಕಥೆ ಹೇಳಲೇಬೇಕು.

ಕೆಂಪು ಕಂಬಳಿಹುಳು ಕಡಲೆಕಾಯಿ ಬೆಳೆಯುವ ನಮ್ಮ ಕಡೆಗೆ ಹಳೆಯ ಶನಿ. ಮುಂಗಾರಿನ ಮೊದಲ ಗಟ್ಟಿ ಮಳೆ ಬಿದ್ದ ನಾಲ್ಕಾರು ದಿನಕ್ಕೆ ಹಾತೆಗಳು ಮಣ್ಣಿನಿಂದ ಏಳುತ್ತವೆ. ಬಿಳಿ ಮುಂದಿನ ರೆಕ್ಕೆ, ಅದರ ಅಂಚಿಗೊಂದು ಬಣ್ಣದ ಗೆರೆ. ಎಲೆಯ ಕೆಳಗೆ ರಾಶಿ ಮೊಟ್ಟೆ. ಮರಿಗಳು ಮೊದಲು ಗುಂಪಾಗಿ ಎಲೆ ಕೆರೆದು ತಿಂದು, ದೊಡ್ಡವಾದ ಮೇಲೆ ದಂಡು ಕಟ್ಟಿ ಒಂದು ಹೊಲದಿಂದ ಇನ್ನೊಂದಕ್ಕೆ ನಡೆಯುತ್ತವೆ. ಒಂದು ಸಂಜೆ ಹಸಿರಾಗಿದ್ದ ಕಡಲೆಕಾಯಿ ಹೊಲ ಬೆಳಗಾಗುವಷ್ಟರಲ್ಲಿ ಬರೀ ಕಡ್ಡಿ. ಬಲಿತ ಹುಳು ಕೊನೆಗೆ ಹೋಗಿ ಮಣ್ಣು ಸೇರುವುದು ಎಲ್ಲಿ? ಬದುವಿನಲ್ಲಿ, ಮರದ ಬುಡದ ನೆರಳಿನಲ್ಲಿ, ಖರಾಬಿನ ಅಂಚಿನಲ್ಲಿ. ನೇಗಿಲು ತಾಗದ ಜಾಗ ಅದಕ್ಕೆ ಬೇಕು. ಮುಂದಿನ ವರ್ಷದ ಮಳೆಯವರೆಗೂ ಅಲ್ಲೇ ಮಲಗಿರುತ್ತದೆ. ಗುಲಗಂಜಿಯನ್ನು ಸಾಕಿದ ನೆಲವೇ ಕಂಬಳಿಹುಳುವನ್ನೂ ಸಾಕುತ್ತಿತ್ತು.

ಅದಕ್ಕೆ ಊರಿನಲ್ಲಿದ್ದ ಮದ್ದು ಬೆಂಕಿ. ಹಾತೆ ಎದ್ದ ಸುದ್ದಿ ಸಿಕ್ಕಿದ ಕೂಡಲೇ ತಮಟೆ ಹೊಡೆಸಿ ಸಾರಿಸುತ್ತಿದ್ದರು. ಆ ರಾತ್ರಿ ಎಲ್ಲರ ಹೊಲದಲ್ಲೂ ಒಂದೊಂದು ಬೆಂಕಿ ಕುಪ್ಪೆ. ಹಾತೆಗಳು ಬೆಳಕಿಗೆ ಬಂದು ಚಟಪಟನೆ ಸುಟ್ಟುಕೊಳ್ಳುತ್ತಿದ್ದವು. ನಮ್ಮ ಪಕ್ಕದ ಹೊಲದವನು ಒಂದು ವರ್ಷ ಬೆಂಕಿ ಹಾಕದೆ ಮಲಗಿದ್ದಕ್ಕೆ ಅಪ್ಪ ಬೆಳಿಗ್ಗೆ ಅವನ ಮನೆ ಮುಂದೆಯೇ ಹೋಗಿ ನಿಂತಿದ್ದರು. “ಒಬ್ರು ಹಾಕಿ ಇನ್ನೊಬ್ರು ಬಿಟ್ರೆ ಊರ ಹಾತೆಯೆಲ್ಲ ಹಾಕ್ದೋನ ಹೊಲಕ್ಕೇ ಬತ್ತವೆ ಕಣಯ್ಯ. ನಾನೇನು ಅವಕ್ಕೆ ಛತ್ರ ಕಟ್ಸಿದೀನಾ?” ಹುಳು ದಂಡು ಹೊರಟ ಮೇಲಾದರೆ ಹೊಲದ ಸುತ್ತ ಕಾಲುವೆ ತೋಡಿ, ಅದರಲ್ಲಿ ಎಕ್ಕದ ಸೊಪ್ಪು, ಕಾಡುಹರಳಿನ ಸೊಪ್ಪು ಹಾಸಿ, ಅದಕ್ಕೆ ಮುತ್ತಿದ ಹುಳುಗಳನ್ನು ಬಳಿದು ಕೊಲ್ಲುವುದು. ಇದೂ ಒಬ್ಬರಿಂದ ಆಗುವ ಕೆಲಸವಲ್ಲ. ಬೇಸಾಯದ ಇತಿಹಾಸ ಬರೆಯುವವರು ಕೆರೆಯ ನೀರು ಹಂಚಿಕೆಯ ಒಗ್ಗಟ್ಟಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಹಾತೆಯ ಬೆಂಕಿಯ ಬಗ್ಗೆ ಯಾರೂ ಬರೆದಂತಿಲ್ಲ.

ಆ ಒಗ್ಗಟ್ಟು ಹೋದದ್ದೂ ನೆಲದ ರೂಪ ಬದಲಾದದ್ದೂ ಸುಮಾರಾಗಿ ಒಂದೇ ಕಾಲಕ್ಕೆ. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಅದರ ಮೊದಲೂ ನೀಲಗಿರಿ ಇತ್ತು, ಆದರೆ ಆಮೇಲೆ ಕೋಲಾರದಲ್ಲಿ ಎತ್ತ ನೋಡಿದರೂ ನೀಲಗಿರಿಯೇ. ಅದೇ ವರ್ಷ ತುಮಕೂರು ಕಡೆ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿದ ಸುದ್ದಿ ನಮ್ಮೂರಿಗೂ ಬಂತು. ನಮ್ಮೂರಿನವರು ಕೇಳಿ ಸುಮ್ಮನಾದರು. ಕೂಲಿ ಸಿಗದ ಕಾಲದಲ್ಲಿ ನೆಟ್ಟು ಮರೆತರೂ ದುಡ್ಡು ಕೊಡುವ ಬೆಳೆ ಅದು, ಬೈದು ಪ್ರಯೋಜನವಿಲ್ಲ. ಗೋಮಾಳದ ತಂಗಡಿ, ಬಂದರಿಕೆ, ಕಾರೆ, ಮಳೆಗಾಲದ ತುಂಬೆ, ಅಣ್ಣೆ ಎಲ್ಲ ಹೋಗಿ ಸಾಲು ನೆಡುತೋಪು ಬಂತು. ಬುಡದಲ್ಲಿ ಹುಲ್ಲೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಹಕ್ಕಿಗಳು ಅಲ್ಲಿ ರಾತ್ರಿ ತಂಗುತ್ತಿದ್ದವೇನೋ, ಹಗಲು ತಿನ್ನುವುದಕ್ಕೆ ಏನೂ ಇರಲಿಲ್ಲ. ಮುಂದೆ 2000ದ ದಶಕದಲ್ಲಿ ಆ ನೀಲಗಿರಿಗೇ ಎಲೆಗಂಟು ಮಾಡುವ ಹೊರದೇಶದ ಕೀಟ ಬಿದ್ದು, ಅದನ್ನು ಹತೋಟಿಗೆ ತರುವುದಕ್ಕೂ ಒಂದು ಸಣ್ಣ ಕಣಜವನ್ನೇ ತಂದು ಬಿಡಬೇಕಾಯಿತು. ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಗೋಮಾಳಕ್ಕೆ ನೀಲಗಿರಿ ಬಂದರೆ ಹೊಲಕ್ಕೆ ಬೋರ್‌ವೆಲ್ ಬಂತು. ಬೋರ್‌ವೆಲ್ ಹಿಂದೆ ಟೊಮೆಟೊ. ಕೋಲಾರದ ಮಾರುಕಟ್ಟೆ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾಗುವಷ್ಟು ಬೆಳೆಯಿತು. ಹದಿನೈದು ಕೆ.ಜಿ. ಬಾಕ್ಸು, ಹರಾಜು, ರಾತ್ರೋರಾತ್ರಿ ಹೊರಡುವ ಲಾರಿ. ಅಲ್ಲಿ ಒಂದು ಹಣ್ಣಿನಲ್ಲಿ ತೂತು ಕಂಡರೆ ಬಾಕ್ಸಿನ ಬೆಲೆಯೇ ಇಳಿಯುತ್ತದೆ. ಹಿತಕಿದ ಬೇಳೆಯ ಮನೆ ಸಹಿಸಿದ್ದನ್ನು ಹರಾಜುಕಟ್ಟೆ ಸಹಿಸುವುದಿಲ್ಲ. ಅಲ್ಲಿಂದ ಶುರು ಔಷಧಿ. ವಾರಕ್ಕೊಮ್ಮೆ ಇದ್ದದ್ದು ಎರಡಾಯಿತು, ಒಂದು ಡಬ್ಬಿ ಹೋಗಿ ಮೂರು ಡಬ್ಬಿ ಬೆರೆಸಿ ಹೊಡೆಯುವುದಾಯಿತು. ಟೊಮೆಟೊ ಕಾಯಿ ಕೊರೆಯುವ ಹುಳು ಅವರೆಯ, ತೊಗರಿಯ, ಹತ್ತಿಯ ಹುಳುವೇ. 1987ರಲ್ಲಿ ಆಂಧ್ರದ ಹತ್ತಿ ಸೀಮೆಯಲ್ಲಿ ಹೊಸ ಔಷಧಿಗಳಿಗೆ ಅದು ಜಗ್ಗದೆ ನಿಂತದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹುಳು ಜಗ್ಗುವುದನ್ನು ಬಿಟ್ಟರೂ ಅದನ್ನು ಹಿಡಿಯುವ ಕಣಜ, ಜೇಡ, ಗುಲಗಂಜಿಗಳು ಮಾತ್ರ ಒಂದೇ ಸಿಂಪಡಣೆಗೆ ಜಗ್ಗುತ್ತವೆ.

ಇನ್ನೂ ದೊಡ್ಡ ಬದಲಾವಣೆ ನನ್ನ ಪ್ರಕಾರ ಔಷಧಿಯದ್ದಲ್ಲ, ಬೇಸಿಗೆಯದ್ದು. ನೀರಿದ್ದವರು ವರ್ಷವಿಡೀ ಟೊಮೆಟೊ ಹಾಕತೊಡಗಿದರು. ಒಬ್ಬರ ತೋಟ ಮುಗಿಯುವಾಗ ಪಕ್ಕದಲ್ಲಿ ಇನ್ನೊಬ್ಬರ ನಾಟಿ. ಹುಳುವಿನ ಉಪವಾಸ ಮುಗಿಯಿತು. ಅದರ ಜೊತೆಗೆ ಖರಾಬು, ಬದು, ಗೋಮಾಳ ಕಡಿಮೆಯಾಗಿ ಹುಳು ಹಿಡಿಯುವವಕ್ಕೆ ಉಪವಾಸ ಶುರುವಾಯಿತು. ಹಿಂದಿನ ಏರ್ಪಾಟು ತಲೆಕೆಳಗಾಯಿತು. 2014ರಲ್ಲಿ ದಕ್ಷಿಣ ಅಮೆರಿಕ ಮೂಲದ ಟೊಮೆಟೊ ಎಲೆಸುರಂಗದ ಸಣ್ಣ ಪತಂಗ ಭಾರತಕ್ಕೆ ಬಂದು, ನಮ್ಮ ಕಡೆ ಬೆಂಕಿಯಂತೆ ಹರಡಿದ್ದು ಈ ಬಿಡುವಿಲ್ಲದ ಟೊಮೆಟೊದ ಮೇಲೆಯೇ. ರೇಷ್ಮೆ ಸೀಮೆಯ ಜನ ಅದನ್ನೂ ಊಜಿ ಎಂದೇ ಕರೆದರು. ನಿಜವಾದ ಊಜಿ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ಬಂದು ನಮ್ಮ ಹುಳುಮನೆಗಳನ್ನು ಅಳಿಸಿದ ನೆನಪು ಅವರಿಗೆ ಇನ್ನೂ ಹಸಿಯಾಗಿತ್ತು.

ರೇಷ್ಮೆಯ ಮಾತು ಬಂತಲ್ಲ, ಒಂದು ವಿಷಯ. ಟೊಮೆಟೊ ಸಮುದ್ರದ ನಡುವೆ ಔಷಧಿ ಬೀಳದ ತುಂಡುಗಳು ಉಳಿದಿದ್ದರೆ ಅವು ಹಿಪ್ಪುನೇರಳೆ ತೋಟಗಳು. ಸೊಪ್ಪಿಗೆ ಒಂದು ತೊಟ್ಟು ಔಷಧಿ ಹಾರಿದರೂ ಮನೆಯೊಳಗಿನ ಹುಳು ಸಾಯುತ್ತದೆ. ಹುಳು ಸಾಕುವ ಮನೆಯ ಹೆಂಗಸರು ಪಕ್ಕದವನು ಪಂಪು ಹೊತ್ತು ಬಂದರೆ ಗಾಳಿ ಯಾವ ಕಡೆಗಿದೆ ಅಂತ ನೋಡಿ ಜಗಳಕ್ಕೆ ನಿಲ್ಲುತ್ತಿದ್ದರು. ಪಪ್ಪಾಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ದಕ್ಷಿಣದ ಹಿಪ್ಪುನೇರಳೆಗೂ ಹರಡಿದಾಗ ಔಷಧಿಯ ದಾರಿ ಮುಚ್ಚಿತ್ತು. 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಒಂದು ಕಣಜವನ್ನು ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟರು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಕೆಲವೇ ತಿಂಗಳಲ್ಲಿ ಹಿಟ್ಟುತಿಗಣೆ ಸುದ್ದಿಯಿಂದಲೇ ಮಾಯವಾಯಿತು. ಔಷಧಿ ಹೊಡೆಯದ ತೋಟವಿದ್ದಲ್ಲಿ ಅದು ನಿಂತಿತು ಅನ್ನುವುದನ್ನು ಯಾರೂ ಹೆಚ್ಚಾಗಿ ಹೇಳಲಿಲ್ಲ.

ನಾನು ಹುಳುಗಳ ಪಾಠ ಕಲಿತದ್ದು 1980ರ ದಶಕದಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ. ಹೊಲದಿಂದ ಕಾಯಿಕೊರಕದ ಮರಿಗಳನ್ನು ತಂದು ಒಂದೊಂದನ್ನು ಒಂದೊಂದು ಗಾಜಿನ ಕೊಳವೆಯಲ್ಲಿ ಹಾಕಿ ಸಾಕುವುದು ಕೆಲಸ. ಎರಡನ್ನು ಒಟ್ಟಿಗೆ ಹಾಕಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ನೆನೆಸಿದ ಕಡಲೆ, ಬೆಂಡೆಯ ತುಂಡು ಕೊಟ್ಟು ದಿನಾ ಹಿಕ್ಕೆ ತೆಗೆಯಬೇಕು. ಕೆಲವು ಮರಿ ಎರಡು ದಿನಕ್ಕೇ ಮಂಕಾಗಿ ತಿನ್ನುವುದು ಬಿಡುತ್ತಿದ್ದವು. ಮೊದಲು ನಮ್ಮ ಆರೈಕೆಯ ದೋಷವೇನೋ ಅನ್ನಿಸುತ್ತಿತ್ತು. ಮರುದಿನ ನೋಡಿದರೆ ಸುಕ್ಕಿದ ಚರ್ಮದ ಪಕ್ಕದಲ್ಲಿ ಬೂದು ಬಣ್ಣದ, ಕಪ್ಪು ಚುಕ್ಕೆಯ ಪುಟ್ಟ ಗೂಡು. ವಾರದಲ್ಲಿ ಅದರಿಂದ ಸಪೂರ ಸೊಂಟದ ಕಣಜ ಹೊರಗೆ. ಹೆಸರು ಕ್ಯಾಂಪೊಲೆಟಿಸ್. ಎಳೆ ಮರಿಯ ಮೈಯೊಳಗೆ ಮೊಟ್ಟೆ ಇಡುವುದು ಅದರ ಕಸುಬು. ಕಡಲೆ, ಜೋಳದ ಹೊಲಗಳಲ್ಲಿ ಸಿಗುವಷ್ಟು ಅದು ತೊಗರಿಯಲ್ಲಿ ಸಿಗುವುದಿಲ್ಲ. ಒಂದೇ ಹುಳು, ಗಿಡ ಬೇರೆಯಾದರೆ ಅದರ ವೈರಿಗಳೂ ಬೇರೆ.

ಆ ಕಣಜಕ್ಕೆ ಹುಳುವಿನ ಮೈ ಬೇಕಾಗುವುದು ಮರಿಗಾಗಿ. ತನಗೆ ಬೇಕಾದದ್ದು ಮಕರಂದ. ಕೊಳವೆಯ ಹತ್ತಿಗೆ ಜೇನಿನ ನೀರು ಹಚ್ಚಿಟ್ಟರೆ ದಿನಗಟ್ಟಲೆ ಬದುಕುತ್ತಿತ್ತು, ಬರೀ ನೀರಿಟ್ಟರೆ ಬೇಗ ಸಾಯುತ್ತಿತ್ತು. ಅದನ್ನು ನೋಡಿದ ದಿನ ನನಗೆ ನಮ್ಮ ಹುಚ್ಚೆಳ್ಳಿನ ಸಾಲಿನ ಬಗ್ಗೆ ಗೌರವ ಬಂತು. ಕಡಲೆಯ ನಡುವೆ ಕೊತ್ತಂಬರಿ ಬಿತ್ತಿ ಹೂವಿಗೆ ಬಿಟ್ಟರೆ ಈ ಕಣಜಕ್ಕೆ ಸಿಕ್ಕಿಬೀಳುವ ಹುಳುಗಳು ಹೆಚ್ಚುತ್ತವೆ ಅನ್ನುವುದು ಭಾರತದ ಪ್ರಯೋಗಗಳಲ್ಲೇ ತಿಳಿದುಬಂದಿದೆ. ಅಗಲವಾದ ದೊಡ್ಡ ಹೂ ಅದಕ್ಕೆ ಬೇಡ, ಕೊತ್ತಂಬರಿ, ಸಬ್ಬಸಿಗೆ, ಹುಚ್ಚೆಳ್ಳಿನಂಥ ಬಾಯಿ ತೆರೆದ ಸಣ್ಣ ಹೂ ಸಾಕು. ದೂರವೂ ಮುಖ್ಯ. ಟ್ರೈಕೊಗ್ರಾಮದಂಥ ಮೊಟ್ಟೆಗಣಜ ಅರ್ಧ ಮಿಲಿಮೀಟರ್ ಉದ್ದದ್ದು, ಹೂವು ಹತ್ತಿರದಲ್ಲೇ ಇರಬೇಕು, ಬದುವಿನಲ್ಲಿದ್ದರೆ ಸ್ವಲ್ಪ ಮಟ್ಟಿಗೆ ಸಾಕು. ಕಾಜಾಣಕ್ಕೆ ಕೂರಲು ಎತ್ತರ ಬೇಕು, ಗೂಡಿಗೆ ಮರ ಬೇಕು. ಉಳುವ ಎತ್ತಿನ ಹಿಂದೆ ನಡೆದು ಮಣ್ಣಿನ ಕೋಶ ಹೆಕ್ಕುವ ಬೆಳ್ಳಕ್ಕಿಗೆ ಕೆರೆಯಂಚಿನ ಜಾಲಿ ಮರಗಳ ಗೂಡುಬೀಡೇ ಬೇಕು. ಒಂದು ಎಕರೆಯೊಳಗೆ ಇವೆಲ್ಲವನ್ನೂ ಯಾವ ರೈತನೂ ಒಬ್ಬನೇ ಇಟ್ಟುಕೊಳ್ಳಲಾರ.

ಬದುವಿನ ಗಿಡ ಎಲ್ಲಕ್ಕೂ ಒಳ್ಳೆಯದಲ್ಲ ಅನ್ನುವುದಕ್ಕೆ ಟೊಮೆಟೊದಲ್ಲಿ ಇನ್ನೊಂದು ಸಾಕ್ಷಿ ಇದೆ. ಎಲೆ ಮುಟುರು ರೋಗ. ಬಿಳಿನೊಣ ಹರಡುವ ನಂಜು ಅದು. ಕಾಯಿಕೊರಕ ನೂರಕ್ಕೆ ತೊಂಬತ್ತು ಸತ್ತರೆ ಬೆಳೆ ಉಳಿಯುತ್ತದೆ. ಬಿಳಿನೊಣ ನೂರಕ್ಕೆ ತೊಂಬತ್ತು ಸತ್ತರೂ ಉಳಿದ ಹತ್ತು ನಂಜು ಹೊತ್ತು ಇಡೀ ತಾಕು ಮುಗಿಸುತ್ತವೆ. ಆ ನಂಜು ಟೊಮೆಟೊ ಇಲ್ಲದಾಗ ಅಡಗುವುದು ಬದುವಿನ ಕಳೆಗಳಲ್ಲೇ. ಇಲ್ಲಿ ಗುಲಗಂಜಿ, ಜೇಡಗಳನ್ನು ನಂಬಿ ಕೂತರೆ ಕೈ ಸುಡುತ್ತದೆ. ಇದಕ್ಕೆ ದಾರಿಯಾದದ್ದು ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ್ ಅನ್ನುವ ರೋಗ ತಡೆಯುವ ತಳಿಗಳನ್ನು ಕೊಟ್ಟಿತು. ನನ್ನ ಕೆಲವು ಸ್ನೇಹಿತರು, ಬೇಲಿ ಬಿಟ್ಟರೆ ಸಾಕು ಎಲ್ಲ ಸರಿಹೋಗುತ್ತದೆ ಅನ್ನುವವರು, ಈ ಮಾತು ಬಂದಾಗ ವಿಷಯ ಬದಲಿಸುತ್ತಾರೆ.

2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಜಗತ್ತಿನ 132 ಅಧ್ಯಯನಗಳ, 6,759 ತಾಕುಗಳ ಮಾಹಿತಿ ಒಂದುಗೂಡಿಸಿ, ಹೊಲದ ಸುತ್ತ ಕಾಡು ಪೊದೆ ಹೆಚ್ಚಿದ್ದರೆ ಹುಳು ಕಡಿಮೆಯಾಗುತ್ತದೆಯೇ ಅಂತ ನೋಡಿದ್ದರು. ಸಿಕ್ಕಿದ ಉತ್ತರ: ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ, ಕೆಲವು ಕಡೆ ಹುಳುವೇ ಹೆಚ್ಚು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ನಿರಾಸೆಯಾಯಿತು. ನನಗೆ ಕಂಬಳಿಹುಳು ನೆನಪಾಯಿತು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯವರು ಎಷ್ಟೋ ಮೊದಲೇ ಇಂಥದ್ದೊಂದು ಕಂಡಿದ್ದರು. ತೊಗರಿಯ ಪಕ್ಕ ಜೋಳವಿದ್ದರೆ ಜೋಳದ ಮೇಲೆ ಮೊಟ್ಟೆಗಣಜಗಳು ಚೆನ್ನಾಗಿ ಬೆಳೆಯುತ್ತವೆ, ಆದರೆ ಅವು ತೊಗರಿಗೆ ದಾಟುವುದು ಅಪರೂಪ. ತೊಗರಿಯ ಜಿಗುಟು ರೋಮ ಅವಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಲಬುರಗಿ ಕಡೆ 1990ರ ದಶಕದ ಕೊನೆಗೆ ಕಾಯಿಕೊರಕ ವಿಪರೀತವಾದಾಗ ರೈತರು ತೊಗರಿ ಗಿಡ ಹಿಡಿದು ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಗೆ ಕೀಡಿ ಉದುರಿಸಿ ಕೊಂದರು. ಉದುರಿದ ಕೀಡಿಯಲ್ಲಿ ಒಂದಿಷ್ಟನ್ನು ನಂಜುರೋಗ ಹಿಡಿಸಿ, ಆ ನಂಜನ್ನೇ ಬೆಲ್ಲ ಬೆರೆಸಿ ಸಂಜೆ ಹೊತ್ತು ಸಿಂಪಡಿಸುವುದನ್ನೂ ಕಲಿತರು. ಬಿಸಿಲಿಗೆ ಆ ನಂಜು ಕೆಡುತ್ತದೆ, ಅದಕ್ಕೇ ಸಂಜೆ. ಅದೇ ಕಾರಣಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನೂ ಸ್ವಲ್ಪ ಬೆರೆಸುತ್ತಿದ್ದರು.

ಇನ್ನೊಂದು ಕಡೆ ಚೀನಾ, ಥಾಯ್ಲೆಂಡ್, ವಿಯೆಟ್ನಾಂನ ಭತ್ತದ ಗದ್ದೆಗಳಲ್ಲಿ ಬದುವಿಗೆ ಎಳ್ಳಿನಂಥ ಹೂ ಬಿಡುವ ಬೆಳೆ ಹಾಕಿ ನೋಡಿದರು. 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕೀಟನಾಶಕ ಸಿಂಪಡಣೆ ನೂರಕ್ಕೆ 70ರಷ್ಟು ಇಳಿದು, ಇಳುವರಿ ನೂರಕ್ಕೆ 5ರಷ್ಟು ಏರಿತು. ಎರಡೂ ನಿಜ, 2016ರದ್ದೂ 2018ರದ್ದೂ. ಯಾವ ಬೆಳೆ, ಯಾವ ಹುಳು, ಅದರ ವೈರಿ ಯಾರು, ಆ ವೈರಿಗೆ ಯಾವ ತಿಂಗಳು ಏನು ಬೇಕು ಅನ್ನುವುದನ್ನು ಬಿಟ್ಟು ಬರೀ ‘ಜೀವವೈವಿಧ್ಯ’ ಅಂದರೆ ಹೊಲದಲ್ಲಿ ಅದಕ್ಕೆ ಕಾಲಿಲ್ಲ.

ನಮ್ಮ ಹೊಲ ಈಗ ಚಿಕ್ಕಪ್ಪನ ಮಗ ಮಾಡುತ್ತಾನೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕಡೆಯ ಕೆರೆಗಳಿಗೆ ಬರತೊಡಗಿ, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು. ಆ ನೀರಿನ ಬಗ್ಗೆ ಊರಿನಲ್ಲಿ ಎರಡು ಮಾತಿವೆ, ನಾನು ಅದಕ್ಕೆ ಹೋಗುವುದಿಲ್ಲ. ಬೆಳ್ಳಕ್ಕಿಗಳಂತೂ ಕೆರೆಗೆ ವಾಪಸು ಬಂದವು. ಆದರೆ ಟೊಮೆಟೊಕ್ಕೂ ಇನ್ನಷ್ಟು ನೀರು ಸಿಕ್ಕಿ, ಉಳಿದಿದ್ದ ಚೂರುಪಾರು ಬಿಡುವೂ ಹೋಯಿತು. ಅವನ ಬದುಗಳು ಬೋಳು. ಕಳೆನಾಶಕ ಹೊಡೆದು ಒಂದು ಹುಲ್ಲುಕಡ್ಡಿ ಇರದ ಹಾಗೆ ಇಟ್ಟುಕೊಂಡಿದ್ದಾನೆ. ನಾನು ಏನಾದರೂ ಅಂದರೆ, “ಅಣ್ಣಾ, ಬದು ನೋಡೇ ಜನ ಮಾತಾಡೋದು. ಹುಲ್ಲು ಬೆಳ್ದಿದ್ರೆ ಇವ್ನು ಸೋಮಾರಿ ಅಂತಾರೆ” ಅನ್ನುತ್ತಾನೆ. ಅದು ಸುಳ್ಳಲ್ಲ. ಅಪ್ಪನೂ ಹಾಗೇ ಹೇಳುತ್ತಿದ್ದರು, ಅವರ ಕೈಯಲ್ಲಿ ಕುಡುಗೋಲು ಮಾತ್ರ ಇತ್ತು, ಕೊಯ್ದದ್ದು ಮಳೆಗೆ ಮತ್ತೆ ಚಿಗುರುತ್ತಿತ್ತು. ಕಳೆದ ಸಾರಿ ಬಂಡೆ ದಿಬ್ಬವನ್ನು ಜೆಸಿಬಿ ತಂದು ಸಮ ಮಾಡಿಸುವ ಮಾತು ಎತ್ತಿದ್ದ. ಬಂಡೆ ಒಡೆಸುವ ಖರ್ಚು ಕೇಳಿ ತಾನೇ ಕೈಬಿಟ್ಟ. ನನ್ನ ಹೂವಿನ, ಕಣಜದ ಮಾತಿಗಿಂತ ಜೆಸಿಬಿಯವನ ಗಂಟೆಯ ಬಾಡಿಗೆ ಹೆಚ್ಚು ಕೆಲಸ ಮಾಡಿತು.

ಚೆಂಡು ಹೂವಿಗೆ ಮಾತ್ರ ಒಪ್ಪಿದ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹಿಂದೆಯೇ ಹೇಳಿಕೊಟ್ಟದ್ದು: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಜಾತಿಯ ಚೆಂಡು ಹೂ. ಚೆಂಡು ಹೂವಿನ ಸಸಿ 45 ದಿನದ್ದು, ಟೊಮೆಟೊ ಸಸಿ 25 ದಿನದ್ದು, ಒಂದೇ ದಿನ ನಾಟಿ. ಹಾಗೆ ಮಾಡಿದರೆ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ, ಕಾಯಿಕೊರಕದ ಹಾತೆ ಟೊಮೆಟೊ ಬಿಟ್ಟು ಚೆಂಡು ಹೂವಿಗೆ ಮೊಟ್ಟೆ ಇಡುತ್ತದೆ. ಮೊಗ್ಗಿನಲ್ಲಿ ಹುಳು ಕಂಡರೆ ಆ ಸಾಲಿಗಷ್ಟೇ ಗಮನ ಕೊಟ್ಟರೆ ಸಾಕು. ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಅವನು ಬೆರಳಲ್ಲಿ ತಿಂಗಳು ಎಣಿಸುತ್ತಿದ್ದ. ಆಯುಧಪೂಜೆಗೆ ಹೂ ಬರುವ ಹಾಗೆ ಸಸಿ ಯಾವತ್ತು ಬಿಡಬೇಕು, ಆಗ ಚೆಂಡು ಹೂವಿನ ರೇಟು ಎಷ್ಟಿರುತ್ತದೆ ಅನ್ನುವುದು ಅವನ ಲೆಕ್ಕ.

ಎಣಿಸಿ ಮುಗಿಸಿ ತಲೆ ಎತ್ತಿ ಕೇಳಿದ: “ನಂದೇನೋ ಸರಿ. ಪಕ್ಕದೋನು ಹಾಕ್ದೇ ಇದ್ರೆ ಅವನ ಹೊಲದ ಹಾತೆಯೆಲ್ಲ ನನ್ನ ಹೂವಿಗೇ ಬರಲ್ವಾ ಅಣ್ಣಾ?”

ಬರಬಹುದು ಅಂದೆ. ಹಾಗಾದ್ರೆ ಮೊದಲು ಅವನ ಹತ್ರ ಮಾತಾಡೋಣ ನಡಿ ಅಂತ ಬೈಕು ತೆಗೆದ.